ಅತ್ತಿಯ ಕಾರು ಮತ್ತು 5 ನಿಮಿಷದ ಮೆಸೇಜು

ಹದಿನೈದು ದಿನದ ಹಿಂದೆ, ಭಾನುವಾರ, ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಒಂದು ಜಗಳ ಆಯಿತು. ಅತ್ತಿಯನ್ನು ಕೇಳಿಕೊಂಡೇ ಇಲ್ಲಿ ಹಾಕುತ್ತಿದ್ದೇನೆ. ಯಾರ ಹೆಸರೂ ಇಲ್ಲ. ನನ್ನ ಫೋನಿನಲ್ಲಿ ಯಾರನ್ನು ಏನೆಂದು ಬರೆದುಕೊಂಡಿದ್ದೇನೋ ಹಾಗೇ ಬಿಟ್ಟಿದ್ದೇನೆ. ನಾನು ಹುಬ್ಬಳ್ಳಿ ಗೋಕುಲ ರೋಡಿನ ಒಂದು ವರ್ಕ್‌ಶಾಪಿನಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತೇನೆ. ಬ್ಯಾಟರಿ ನನಗೆ ದಿನಾ ಕೈಯಲ್ಲಿ ಆಡುವ ವಸ್ತು.

ಬೆಳಗ್ಗೆ 7:42ಕ್ಕೆ ಗದಗ ಕಾಕಾ ಇದನ್ನು ಫಾರ್ವರ್ಡ್ ಮಾಡಿದರು:

"ಎಲ್ಲರೂ ಓದಲೇಬೇಕು!! ಕಾರು ಓಡಿಸದೆ ಮನೆಯಲ್ಲೇ ನಿಲ್ಲಿಸಿದ್ದೀರಾ? ವಾರಕ್ಕೊಮ್ಮೆ 5 ನಿಮಿಷ ಸ್ಟಾರ್ಟ್ ಮಾಡಿ ಇಡಿ, ಬ್ಯಾಟರಿ 10 ವರ್ಷ ಬರುತ್ತದೆ. ಬ್ಯಾಟರಿ ಬಿಚ್ಚಿ ಸಿಮೆಂಟ್ ನೆಲದ ಮೇಲೆ ಇಡಬೇಡಿ, ಚಾರ್ಜ್ ಎಲ್ಲಾ ನೆಲಕ್ಕೆ ಇಳಿದುಹೋಗುತ್ತದೆ. ಇಳಿದ ಬ್ಯಾಟರಿಯ ಪ್ರತಿ ಸೆಲ್‌ಗೆ 1 ಆಸ್ಪಿರಿನ್ ಮಾತ್ರೆ ಹಾಕಿ, ಹೊಸದರ ಹಾಗೆ ಆಗುತ್ತದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. 10 ಜನಕ್ಕೆ ಕಳಿಸಿ!!"

ಗದಗ ಕಾಕಾ: ಅಕ್ಕಾ, ಇದನ್ನ ಓದು. ಮಾಮಾನ ಗಾಡಿ ಸುಮ್ನೆ ನಿಂತಿದೆ. ಬ್ಯಾಟರಿ ಹೋದರೆ ಮತ್ತೆ ಖರ್ಚು.

ಬೆಂಗಳೂರು ಭಾವ: ಇದು ಎಲ್ಲಿಂದ ಬಂತು? ಬರೆದವರು ಯಾರು? 10 ವರ್ಷ ಅಂತ ಯಾರು ಲೆಕ್ಕ ಹಾಕಿದರು?

ಗದಗ ಕಾಕಾ: ನಮ್ಮ ವಾಕಿಂಗ್ ಗೆಳೆಯರ ಗುಂಪಿನಲ್ಲಿ ಬಂತು. ಒಳ್ಳೆಯದಾಗಲಿ ಅಂತ ಕಳಿಸಿದೆ ಅಷ್ಟೇ.

ಬೆಂಗಳೂರು ಭಾವ: ಸಣ್ಣ ಮಾಮಾ, ತಪ್ಪು ತಿಳಿಯಬೇಡಿ, ಬ್ಯಾಟರಿ ವಿಷಯ ನೀವು ಹೇಳಬಾರದಿತ್ತು. ಹಾವೇರಿ ಮದುವೆ ನೆನಪಿದೆ ಅಲ್ವಾ?

ಇಲ್ಲಿಂದ ಮುಂದೆ ಆ ಮೆಸೇಜನ್ನು ಯಾರೂ ತಿರುಗಿ ನೋಡಲಿಲ್ಲ. ಹಾವೇರಿ ಮದುವೆ ಎಂದರೆ ಎರಡು ವರ್ಷದ ಹಿಂದೆ ದೊಡ್ಡಪ್ಪನ ಮಗನ ಮದುವೆ. ಆ ದಿನ ನಸುಕಿನಲ್ಲಿ ಧಾರವಾಡದಲ್ಲಿ ಅತ್ತಿ, ಮಾಮಾ ರೆಡಿಯಾಗಿ ಗಾಡಿ ಹತ್ತಿದರೆ ಸೆಲ್ಫ್ ಕಟ್ ಕಟ್ ಅಂದಿತೇ ಹೊರತು ಇಂಜಿನ್ ತಿರುಗಲಿಲ್ಲ. ಬೇರೆ ಗಾಡಿ ಹಿಡಿದು ಹಾವೇರಿ ಮುಟ್ಟುವ ಹೊತ್ತಿಗೆ ಅಕ್ಕಿಕಾಳು ಬಿದ್ದು ಮುಗಿದಿತ್ತು. ಸ್ವಂತ ಸೋದರತ್ತಿ ಅಕ್ಕಿಕಾಳಿಗೆ ಇಲ್ಲ! ಅದಕ್ಕೂ 16 ದಿನ ಮೊದಲು ಕಾಕಾ ಆ ಗಾಡಿ ಒಯ್ದು ವಾಪಸ್ ತಂದು ನಿಲ್ಲಿಸಿದ್ದರು. ಒಳಗಿನ ಲೈಟ್ ಹಚ್ಚಿಯೇ ಬಿಟ್ಟು ಹೋದರು ಅಂತ ಮಾತಾಯಿತು. ಮಾತು ಹಾಗೇ ಉಳಿಯಿತು.

ಗದಗ ಕಾಕಾ: ನಾನು ಲೈಟ್ ಆರಿಸಿಯೇ ಕೀಲಿ ಕೊಟ್ಟಿದ್ದೆ. ಇನ್ನೂ ಎಷ್ಟು ಸಲ ಹೇಳಬೇಕು?

ಬೆಂಗಳೂರು ಭಾವ: ಹಾಗಾದರೆ ಬ್ಯಾಟರಿ ತಾನಾಗೇ ಇಳಿಯಿತಾ? ಏನೇ ಬಂದರೂ ಆಧಾರ ಕೇಳುವುದು ತಪ್ಪಲ್ಲ.

ಬೆಂಗಳೂರು ಅಕ್ಕ: ರೀ, ಬೆಳಗ್ಗೆ ಬೆಳಗ್ಗೆ ಬೇಡ ಬಿಡ್ರಿ.

ಹಾವೇರಿ ದೊಡ್ಡಪ್ಪ: ಎಲ್ಲರಿಗೂ ಆಶೀರ್ವಾದ. ನಿಂತ ನೀರು ನಾರುತ್ತದೆ, ನಿಂತ ಗಾಡಿ ಕೆಡುತ್ತದೆ, ಕೂತ ಮನುಷ್ಯನೂ ಅಷ್ಟೇ, ನಾನು 76ನೇ ವಯಸ್ಸಿನಲ್ಲೂ ದಿನಾ ಐದಕ್ಕೆ ಎದ್ದು ಎರಡು ಕಿಲೋಮೀಟರ್ ನಡೆಯುತ್ತೇನೆ, ನಿಮ್ಮಲ್ಲಿ ಎಷ್ಟು ಜನ ನಡೆಯುತ್ತೀರಿ ಹೇಳಿ ನೋಡೋಣ. ಹಿರಿಯರಿಗೆ ಎಲ್ಲರೆದುರು ಹಾಗೆ ಬರೆಯುವುದು ನಮ್ಮ ಮನೆತನದಲ್ಲಿ ಇರಲಿಲ್ಲ. ಹಾಗೇ ತಮ್ಮನೂ ಒಂದು ವಸ್ತು ಒಯ್ದರೆ ಅದನ್ನು ಒಯ್ದ ಹಾಗೇ ತಂದಿಡಬೇಕು. ಇಬ್ಬರಿಗೂ ಹೇಳಿದೆ.

ಗದಗ ಕಾಕಾ: ಅಣ್ಣಾ, ನೀನೂ ಹಾಗೇ ಅಂತೀಯಾ?

ಪುಣೆ ಅಕ್ಕ: ಅಯ್ಯೋ ಎಲ್ಲರೂ ಬಿಡ್ರಿ. ಬ್ಯಾಟರಿ ಅಂದ ಕೂಡಲೇ ನನಗೆ ಅಜ್ಜನ ಅಂಬಾಸಿಡರ್ ನೆನಪಾಯಿತು. ಮುಂದೆ ಬಂಪರ್ ಹತ್ತಿರ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುವುತ್ತಿದ್ದರು ಅಲ್ವಾ? ಬೆರಳು ಹೇಗೆ ಹಿಡಿಯಬೇಕು ಅಂತ ಬೈದು ಬೈದು ಕಲಿಸುತ್ತಿದ್ದರು, ಉಲ್ಟಾ ಹೊಡೆದರೆ ಕೈ ಮುರಿಯುತ್ತದೆ ಅಂತ. ಅದೂ ಆಗದಿದ್ದರೆ ಸಾಧನಕೇರಿಯ ಇಳಿಜಾರಿನಲ್ಲಿ ನಾವೆಲ್ಲ ಹುಡುಗರು ದೂಡಬೇಕು. ಗಾಡಿ ಚಾಲೂ ಆದರೆ ಲೈನ್ ಬಜಾರಿನ ಪೇಡೆ!

ಗದಗ ಕಾಕಾ: ಎರಡು ಪೇಡೆ. ಹ್ಯಾಂಡಲ್ ತಿರುವಿದವನಿಗೆ ಮೂರು.

ಧಾರವಾಡ ಅತ್ತಿ: ತಮ್ಮಾ ಇದು ನಮ್ಮ ಭಜನಿ ಮಂಡಳಿ ಗುಂಪಿನಲ್ಲಿ ಎರಡು ವಾರದ ಹಿಂದೇ ಬಂದಿತ್ತು. ಹೋದ ಭಾನುವಾರ ಮಾಡಿದೆ ಗುರುವಾರನೂ ಮಾಡಿದೆ. ಬೆಕ್ಕು ಒಳಗೆ ಬರ್ತದೆ ಅಂತ ಶೆಡ್ಡಿನ ಬಾಗಿಲು ಹಾಕಿಕೊಂಡೇ ಚಾಲೂ ಮಾಡ್ತೀನಿ. 5 ನಿಮಿಷ ಅಂತ ಕೂತರೂ ರೇಡಿಯೋ ಕೇಳ್ತಾ ಅರ್ಧ ತಾಸು ಆಗ್ತದೆ. ಆಮೇಲೆ ಸ್ವಲ್ಪ ತಲೆಶೂಲಿ ಅಷ್ಟೇ. ಇವತ್ತೂ ಪೂಜೆ ಮುಗಿಸಿ ಮಾಡಬೇಕು

ಪುಣೆ ಅಕ್ಕ: ಕಾಕಾ ಆ ಗಾಡಿ ಬಣ್ಣ ಕೆನೆ ಬಣ್ಣ ಅಲ್ವಾ? ನನ್ನ ಮಗ ಬೂದು ಅಂತಾನೆ, ಫೋಟೋ ನೋಡಿ.

ಗದಗ ಕಾಕಾ: ಕಪ್ಪು ಬಿಳುಪು ಫೋಟೋ ಅದು. ಗಾಡಿ ಕೆನೆ ಬಣ್ಣವೇ. ಅಂಥ ಗಾಡಿ ಇನ್ನು ಬರುವುದಿಲ್ಲ, 2014ರಲ್ಲಿ ತಯಾರಿಸುವುದನ್ನೇ ನಿಲ್ಲಿಸಿದರು. ನಾವು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು ನೋಡುತ್ತಿದ್ದೆವು. ಇಂಜಿನ್ ನಿಲ್ಲದಿದ್ದರೆ ಡೈನಮೋ ಸರಿ ಇದೆ ಅಂತ ಅರ್ಥ. ಅಷ್ಟು ತಿಳಿದವನಿಗೆ ಒಂದು ಲೈಟ್ ಆರಿಸುವುದು ತಿಳಿಯುವುದಿಲ್ಲವೇ?

ಬೆಂಗಳೂರು ಭಾವ: ನಾನು ಆಸ್ಪಿರಿನ್‌ಗೆ ಆಧಾರ ಕೇಳಿದೆ. ಇನ್ನೂ ಉತ್ತರ ಬಂದಿಲ್ಲ.

ಆಗ ನಾನು ಬಾಯಿ ಹಾಕಿದೆ. ವರ್ಕ್‌ಶಾಪಿಗೆ ಭಾನುವಾರ ರಜೆ, ಚಹಾ ಕುಡಿಯುತ್ತಾ ಕೂತಿದ್ದೆ. ನನ್ನ ಮೆಸೇಜು ಉದ್ದ ಇತ್ತು, ಹಾಗೇ ಹಾಕುತ್ತೇನೆ.

ನಾನು: ಕಾಕಾ, ವೈರ್ ಕಿತ್ತು ನೋಡುವುದನ್ನು ಈಗಿನ ಗಾಡಿಯಲ್ಲಿ ಮಾಡಲೇಬೇಡಿ. ಈಗ ಡೈನಮೋ ಇಲ್ಲ, ಆಲ್ಟರ್ನೇಟರ್ ಇದೆ. ಓಡುವಾಗ ಬ್ಯಾಟರಿ ಬಿಚ್ಚಿದರೆ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತದೆ, ಆಲ್ಟರ್ನೇಟರಿನ ಡಯೋಡ್ ಸುಡಬಹುದು, ಗಾಡಿಯ ಕಂಪ್ಯೂಟರೂ ಹೋಗಬಹುದು.

ಇನ್ನು ಆ 5 ನಿಮಿಷದ ಮಾತು. ನಿಂತ ಗಾಡಿಯೂ ಸ್ವಲ್ಪ ಸ್ವಲ್ಪ ಕರೆಂಟ್ ತಿನ್ನುತ್ತದೆ. ಗಡಿಯಾರ, ರೇಡಿಯೋದ ನೆನಪು, ರಿಮೋಟ್ ಲಾಕ್, ಒಳಗಿನ ಕಂಪ್ಯೂಟರು. ಎಲ್ಲಾ ಸೇರಿ 30 ಮಿಲಿ ಆಂಪಿಯರ್ ಅಂತ ಹಿಡಿಯಿರಿ. ದಿನಕ್ಕೆ 0.7 ಆಂಪಿಯರ್ ಅವರ್ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್), ವಾರಕ್ಕೆ 5. ಈಗ 5 ನಿಮಿಷ ನಿಲ್ಲಿಸಿಕೊಂಡೇ ಚಾಲೂ ಇಟ್ಟರೆ ಎಷ್ಟು ತುಂಬುತ್ತದೆ? ಪಾಪ ಅಂತ 20 ಆಂಪಿಯರ್ ಹೋಯಿತು ಅಂತಲೇ ಹಿಡಿಯೋಣ, ಒಂದೂವರೆಯ ಮೇಲೆ ಚೂರು. ಖರ್ಚು 5, ಜಮಾ ಒಂದೂವರೆ. ದೊಡ್ಡಪ್ಪ, ಲೆಕ್ಕದ ಮಾಸ್ತರರು ನೀವು, ಇದು ಎಷ್ಟು ದಿನ ನಡೆಯುತ್ತದೆ ಹೇಳಿ. ಬ್ಯಾಟರಿ ಪೂರ್ತಿ ತುಂಬಲು ಗಂಟೆಗಟ್ಟಲೆ ಬೇಕು, ಕೊನೆಯ ಪಾಲು ತುಂಬುವುದು ತುಂಬಾ ನಿಧಾನ. ಅರೆಬರೆ ತುಂಬಿಟ್ಟರೆ ಒಳಗಿನ ಸೀಸದ ಪ್ಲೇಟಿನ ಮೇಲೆ ಬಿಳಿ ಹರಳು ಕೂರುತ್ತದೆ. ದಿನ ಕಳೆದಂತೆ ಅದು ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜ್ ಹಾಕಿದರೂ ಕರಗುವುದಿಲ್ಲ. ಬಿಸಿಲಿನ ಊರಲ್ಲಿ ಇದೆಲ್ಲ ಇನ್ನೂ ಬೇಗ. ಗದಗದ ಏಪ್ರಿಲ್ ಹೇಗಿರುತ್ತದೆ ನಿಮಗೇ ಗೊತ್ತು.

ಸಿಮೆಂಟ್ ನೆಲದ ಮಾತು ಒಂದು ಕಾಲಕ್ಕೆ ಸುಳ್ಳಾಗಿರಲಿಲ್ಲ. ಹಿಂದೆ ಬ್ಯಾಟರಿಯ ಡಬ್ಬಿ ಕಟ್ಟಿಗೆಯದು, ಆಮೇಲೆ ರಬ್ಬರಿನದು, ತೇವ ಹಿಡಿದು ಕರೆಂಟ್ ಸೋರುತ್ತಿತ್ತು. ಈಗಿನದು ಪ್ಲಾಸ್ಟಿಕ್ ಡಬ್ಬಿ. ನೆಲದ ಮೇಲೆ ಇಡಬಹುದು. ಆಸ್ಪಿರಿನ್ ಮಾತ್ರ ಹಾಕಲೇಬೇಡಿ. ಅದು ಆ ಆಸಿಡ್‌ನಲ್ಲಿ ಒಡೆದು ವಿನೆಗರಿನಲ್ಲಿರುವ ಆಸಿಡ್ ಆಗುತ್ತದೆ, ಅದು ಸೀಸವನ್ನೇ ತಿನ್ನುತ್ತದೆ. ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ನೀರು, ಮೇಲಿನ ಗೆರೆಯವರೆಗೆ. ನಳದ ನೀರು ಬೇಡ, ಕುಡಿಯುವ ಫಿಲ್ಟರ್ ನೀರೂ ಬೇಡ.

ಇಷ್ಟಕ್ಕೆ ದೊಡ್ಡಪ್ಪ ಒಂದು ಹೆಬ್ಬೆರಳು ಹಾಕಿದರು. ಭಾವ "ಚೆನ್ನಾಗಿದೆ, ಆದರೆ ಲೈಟ್ ವಿಷಯ?" ಅಂದರು. ಕಾಕಾ ಗುಂಪು ಬಿಡುತ್ತೇನೆ ಅಂದರು. ಬೆಂಗಳೂರು ಅಕ್ಕ ಅಳುವ ಮುಖ ಹಾಕಿದಳು.

ಲೈಟ್ ವಿಷಯ ಯಾರು ಮೊದಲು ಎತ್ತಿದ್ದು ಅಂತ ನೋಡೋಣ ಎಂದು ನಾನು ಮೇಲೆ ಸರಿಸಿದೆ. ಆಗ ಅತ್ತಿಯ ಮೆಸೇಜು ಕಂಡಿತು. ಪೇಡೆಗೂ ಕೆನೆ ಬಣ್ಣಕ್ಕೂ ನಡುವೆ ಇತ್ತು. ನನ್ನ ಕೈ ತಣ್ಣಗಾಯಿತು. ಆ ಮೆಸೇಜು ಬಂದು ಮುಕ್ಕಾಲು ಗಂಟೆ ಆಗಿತ್ತು, ಅದರ ಕೆಳಗೇ ನಾನು ಅಷ್ಟುದ್ದ ಲೆಕ್ಕ ಬರೆದಿದ್ದೆ.

ಬಾಗಿಲು ಹಾಕಿದ ಶೆಡ್ಡಿನಲ್ಲಿ ಇಂಜಿನ್ ಓಡಿದರೆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದು ಕೂತುಬಿಡುತ್ತದೆ. ಮೊದಲು ತಲೆನೋವು, ಆಮೇಲೆ ಹೊಟ್ಟೆ ತೊಳಸುವುದು, ಆಮೇಲೆ ನಿದ್ದೆ ಬಂದ ಹಾಗೆ. ನಿದ್ದೆ ಅಂದುಕೊಂಡವರು ಏಳುವುದಿಲ್ಲ. ಅತ್ತಿಗೆ 71. ಮನೆಯಲ್ಲಿ ಒಬ್ಬರೇ.

ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮೀಟರ್ ಚೀಲ ಬೈಕಿಗೆ ಸಿಕ್ಕಿಸಿ ಹೊರಟೇಬಿಟ್ಟೆ. ಹುಬ್ಬಳ್ಳಿಯಿಂದ ಧಾರವಾಡ ಇಪ್ಪತ್ತು ಕಿಲೋಮೀಟರ್, ಆ ದಿನ ಎಷ್ಟು ದೂರ ಅನಿಸಿತು ಅಂತ ಹೇಳಲಾರೆ. ಪಕ್ಕದಲ್ಲಿ ಚಿಗರಿ ಬಸ್ಸು ಹೋಗುತ್ತಿತ್ತು, ಅದಕ್ಕಿಂತ ನಾನು ನಿಧಾನ ಇದ್ದೇನೆ ಅಂತ ಸಿಟ್ಟು ಬರುತ್ತಿತ್ತು. ನವನಗರದ ಹತ್ತಿರ ಫೋನ್ ಬಡಿಯಿತು.

"ಏನಪ್ಪಾ, ಎರಡು ಸಲ ಮಾಡಿದ್ದೀ? ಗುಡಿಗೆ ಹೋಗಿದ್ದೆ. ಈಗ ಬಂದು ಶೆಡ್ಡಿನ ಕೀಲಿ ಹುಡುಕುತ್ತಿದ್ದೆ."

ಬೈಕ್ ಬದಿಗೆ ಹಾಕಿ ನಿಂತೆ. ಕೀಲಿ ಮುಟ್ಟಬೇಡ ಅತ್ತಿ, ನಾನು ಬರುತ್ತಿದ್ದೇನೆ ಅಂದೆ. ಯಾಕೆ ಅಂತ ಕೇಳಿದರು. ಬಂದು ಹೇಳುತ್ತೇನೆ, ಚಹಾ ಇಡು ಅಂದೆ.

ಶೆಡ್ಡಿನ ಬಾಗಿಲು ಪೂರ್ತಿ ತೆಗೆದು ಮೊದಲು ವೋಲ್ಟೇಜ್ ನೋಡಿದೆ. 12.2. ಸಾಮಾನ್ಯ ಬ್ಯಾಟರಿ ಪೂರ್ತಿ ತುಂಬಿ ವಿಶ್ರಾಂತಿಯಲ್ಲಿದ್ದರೆ 12.6ರ ಮೇಲೆ ತೋರಿಸಬೇಕು, 12.2 ಎಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಅಕ್ಕ ಮೂರು ತಿಂಗಳು ಇಲ್ಲೇ ಇದ್ದು ಗಾಡಿ ಓಡಿಸಿ, ಬೆಂಗಳೂರಿಗೆ ಮರಳಿ ಎರಡೇ ವಾರ. ಎರಡು ವಾರಕ್ಕೆ ಅಷ್ಟು ಇಳಿಯಬಾರದು, ಅದೂ ಎರಡು ಸಲ ಅರ್ಧ ಗಂಟೆ ಓಡಿಸಿದ ಮೇಲೆ. ವೈರ್ ಬಿಚ್ಚದೆ ಮೇಲಿಂದಲೇ ಹಿಡಿದು ನೋಡುವ ಕ್ಲಾಂಪ್ ಮೀಟರ್ ಹಾಕಿ, ಬಾಗಿಲು ಲಾಕ್ ಮಾಡಿ, ಅರ್ಧ ಗಂಟೆ ಕಾದೆ. ಗಾಡಿಯ ಕಂಪ್ಯೂಟರುಗಳು ಮಲಗುವ ತನಕ ಕಾಯದಿದ್ದರೆ ಲೆಕ್ಕ ಸುಳ್ಳಾಗುತ್ತದೆ. 70 ಮಿಲಿ ಆಂಪಿಯರ್ ತೋರಿಸಿತು. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದರೆ ಒಂದು ಪುಟ್ಟ ಕರಿ ಡಬ್ಬಿ. ಗಾಡಿ ಎಲ್ಲಿದೆ ಅಂತ ಫೋನಿಗೆ ತೋರಿಸುವ ಟ್ರ್ಯಾಕರ್. ಯಾರೋ ಅದನ್ನು ಕೀಲಿಯ ಲೈನಿಗೆ ಕೊಡದೆ ನೇರ ಬ್ಯಾಟರಿ ಲೈನಿಗೆ ಕೊಟ್ಟಿದ್ದರು. ಅದರ ಫ್ಯೂಸ್ ತೆಗೆದ ಕೂಡಲೇ 22ಕ್ಕೆ ಇಳಿಯಿತು.

"ಅದು ಅಳಿಯಂದಿರು ಹಾಕಿಸಿದ್ದು," ಅಂದರು ಅತ್ತಿ. "ಮದುವೆಗಿಂತ ಎರಡು ತಿಂಗಳು ಮೊದಲು. ಇವರು ಒಬ್ಬರೇ ಗಾಡಿ ತೆಗೆದುಕೊಂಡು ಹೋಗುತ್ತಾರೆ, ಎಲ್ಲಿದ್ದಾರೆ ಅಂತ ತಿಳಿಯಲಿ ಅಂತ."

ಲೈಟ್ ವಿಷಯ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಕಾಕಾ ಹೋದ ಮರುದಿನ ಬೆಳಗ್ಗೆ ಶೆಡ್ ತೆಗೆದರೆ ಒಳಗಿನ ಸಣ್ಣ ಲೈಟ್ ಹತ್ತಿಯೇ ಇತ್ತಂತೆ. ತಾವೇ ಆರಿಸಿದರಂತೆ. ತಮ್ಮನಿಗೆ ಬೈಗುಳ ಬೀಳಬಾರದು ಅಂತ ಯಾರಿಗೂ ಹೇಳಲಿಲ್ಲ. ಆಮೇಲೆ ಅದೇ ಮಾತು ದೊಡ್ಡದಾಯಿತು, ಆಗ ಹೇಳಲು ಧೈರ್ಯ ಬರಲಿಲ್ಲ.

ಅಲ್ಲೇ ಶೆಡ್ಡಿನಲ್ಲಿ ಕೂತು ಗುಂಪಿಗೆ ಬರೆದೆ. ಮೊದಲು ಬಾಗಿಲ ವಿಷಯ ಬರೆದೆ. ಶೆಡ್ಡಿನ ಬಾಗಿಲು ಹಾಕಿ ಯಾರೂ ಇಂಜಿನ್ ಚಾಲೂ ಇಡಬೇಡಿ, ಅತ್ತಿಯ 9 ಗಂಟೆಯ ಮೆಸೇಜನ್ನು ಇನ್ನೊಮ್ಮೆ ಓದಿ, ತಲೆಶೂಲಿ ಅಂತ ಬರೆದಿದ್ದಾರೆ ನೋಡಿ ಅಂತ. ಆಮೇಲೆ ಮೀಟರಿನ ಫೋಟೋ ಹಾಕಿ ಇದನ್ನು ಬರೆದೆ:

ನಾನು: ಒಳಗಿನ ಲೈಟ್ 5 ವ್ಯಾಟಿನದು. ಒಂದು ರಾತ್ರಿ, 10 ಗಂಟೆ ಹತ್ತಿದರೆ 4 ಆಂಪಿಯರ್ ಅವರ್ ಹೋಗುತ್ತದೆ. ಮರುದಿನ ಬೆಳಗ್ಗೆ ಅತ್ತಿ ಆರಿಸಿದ್ದಾರೆ. ನಿಂತ ಗಾಡಿ ಮತ್ತು ಟ್ರ್ಯಾಕರ್ ಸೇರಿ ದಿನಕ್ಕೆ 1.68, 16 ದಿನಕ್ಕೆ 27. ಬ್ಯಾಟರಿ ಹೊಸದಿದ್ದಾಗ 35 ಆಂಪಿಯರ್ ಅವರ್ ಹಿಡಿಯುವಂಥದು, ಆಗಲೇ ಅದಕ್ಕೆ 4 ವರ್ಷ ಆಗಿತ್ತು, ಅಂದರೆ ಒಳಗೆ 35 ಉಳಿದಿರಲಿಲ್ಲ. ಕಾಕಾ ಲೈಟ್ ಆರಿಸಿದ್ದೆ ಅನ್ನುವುದು ಸರಿಯಲ್ಲ. ಲೈಟಿನಿಂದಲೇ ಬ್ಯಾಟರಿ ಹೋಯಿತು ಅನ್ನುವುದೂ ಸರಿಯಲ್ಲ. ಲೈಟ್ ಆರಿಸಿದ್ದರೂ ಆ ಬೆಳಗ್ಗೆ ಗಾಡಿ ಚಾಲೂ ಆಗುತ್ತಿದ್ದದ್ದು ಅನುಮಾನ.

ಗುಂಪಿನಲ್ಲಿ ನೀಲಿ ಗೆರೆ ಬಂದವು, ಮಾತು ಬರಲಿಲ್ಲ. ಪುಣೆ ಅಕ್ಕ ಮಾತ್ರ ಅತ್ತಿಗೆ ನೇರ ಫೋನ್ ಮಾಡಿದಳು, ತುಂಬಾ ಹೊತ್ತು ಮಾತಾಡಿದಳು.

ಸಂಜೆ ಭಾವ ಬರೆದರು: ಟ್ರ್ಯಾಕರ್ ಹಾಕಿಸಿದ್ದು ನಾನು. ಹೇಗೆ ಜೋಡಿಸಿದ್ದೀರಿ ಅಂತ ಅಂಗಡಿಯವರನ್ನು ಕೇಳಲಿಲ್ಲ. ಎಲ್ಲರಿಗೂ ಆಧಾರ ಕೇಳುತ್ತೇನೆ, ಅಲ್ಲಿ ಕೇಳಲಿಲ್ಲ. ಸಣ್ಣ ಮಾಮಾ, ಎರಡು ವರ್ಷ ನಿಮಗೆ ಹಾಗೆ ಅಂದದ್ದಕ್ಕೆ ಕ್ಷಮಿಸಿ. ಅತ್ತೆ, ನಾಳೆಯಿಂದ ಬ್ಯಾಟರಿ ವೈರ್ ಬಿಚ್ಚಿಯೇ ಇಟ್ಟುಬಿಡೋಣ, ಯಾವ ಚಿಂತೆಯೂ ಇರುವುದಿಲ್ಲ.

ಭಾವ ಹೇಳಿದ್ದು ಕೆಲಸದ ದೃಷ್ಟಿಯಿಂದ ಸರಿ. ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಅದೇ ಸುಲಭ. ಹತ್ತು ನಂಬರ್ ಪಾನಾ ಒಂದು ಸಾಕು. ಮೊದಲು ಮೈನಸ್ ಬಿಚ್ಚಬೇಕು, ಹಾಕುವಾಗ ಕೊನೆಗೆ ಮೈನಸ್ ಹಾಕಬೇಕು. ಪ್ಲಸ್ ಮೊದಲು ಬಿಚ್ಚಲು ಹೋಗಿ ಪಾನಾ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಬ್ಯಾಟರಿ ಬಿಡುವ ಹೈಡ್ರೋಜನ್‌ಗೆ ಆ ಕಿಡಿ ಸಾಕು. ಆದರೆ ಅತ್ತಿ ಒಪ್ಪಲಿಲ್ಲ.

ಧಾರವಾಡ ಅತ್ತಿ: ವೈರ್ ಬಿಚ್ಚಿದರೆ ರೇಡಿಯೋದಲ್ಲಿ ಅವರು ಹಚ್ಚಿಟ್ಟ ಸ್ಟೇಷನ್ ಹೋಗ್ತದೆ ಅಂತ ಇವನು ಹೇಳಿದ. ಕೀಲಿ ತಿರುವಿದ ಕೂಡಲೇ ಧಾರವಾಡ ಆಕಾಶವಾಣಿ ಬರ್ತದೆ. ಆ ದನಿ ಎಷ್ಟು ಇರಬೇಕು ಅಂತಾನೂ ಅವರೇ ಇಟ್ಟದ್ದು. ಬ್ಯಾಟರಿಗೆ ಅಂತ ಅಲ್ಲ ನಾನು ಅಲ್ಲಿ ಕೂಡೋದು

ಮಾಮಾ ಹೋಗಿ ಆಗ ನಾಲ್ಕು ತಿಂಗಳು. ಸ್ಟೇಷನ್ ಮತ್ತೆ ಹಚ್ಚಿ ಕೊಡುವುದು ಎರಡು ನಿಮಿಷದ ಕೆಲಸ. ನಾನು ಆ ಮಾತು ಬರೆಯಲಿಲ್ಲ, ಬೇರೆ ಯಾರೂ ಬರೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಕಾಕಾ ಬರೆದರು: ಅಕ್ಕಾ, ವೈರ್ ಬಿಚ್ಚುವುದು ಬೇಡ. ಇನ್ನು ಮುಂದೆ ಭಾನುವಾರ ನಾನು ಗದಗದಿಂದ ರೈಲಿಗೆ ಬರುತ್ತೇನೆ. ಗಾಡಿ ತೆಗೆದು ಉಣಕಲ್ ಕೆರೆ ತನಕ ಹೋಗಿ ಬರೋಣ. ನೀನು ರೇಡಿಯೋ ಕೇಳು. ಇಳಿಯುವ ಮೊದಲು ಲೈಟ್ ನೀನೇ ನೋಡು.

ಆ ರಾತ್ರಿ ಅತ್ತಿಯ ಮನೆಯಲ್ಲೇ ಉಳಿದೆ. ತುಂಬಿದ ಮೇಲೆ ತಾನೇ ಕಡಿಮೆ ಮಾಡಿಕೊಳ್ಳುವ ಸಣ್ಣ ಚಾರ್ಜರ್ ತರಿಸಿ, ಶೆಡ್ಡಿನ ಬಾಗಿಲು ತೆರೆದಿಟ್ಟು, ಬೆಳಗಿನವರೆಗೆ ಹಾಕಿದೆ. ಟರ್ಮಿನಲ್ ಮೇಲಿನ ನೀಲಿ ಬಿಳಿ ಪುಡಿಯನ್ನು ಅಡುಗೆ ಸೋಡಾ ನೀರಿನಲ್ಲಿ ಒರೆಸಿ ವ್ಯಾಸಲೀನ್ ಸವರಿದೆ. ಬೆಕ್ಕು ನಿಜವಾಗಿಯೂ ಬಂತು, ಬಾನೆಟ್ ಮೇಲೆ ಮಲಗಿತು.

ಮೊನ್ನೆ ಭಾನುವಾರ ಕಾಕಾ ಬಂದರು. ಮುಕ್ಕಾಲು ಗಂಟೆ ಓಡಿಸಿದರು. ಅತ್ತಿ ಮುಂದಿನ ಸೀಟಿನಲ್ಲಿ ಕೂತ ಫೋಟೋ ಗುಂಪಿಗೆ ಬಂತು, ಕಿಟಕಿ ತೆರೆದಿದೆ, ಹಿಂದೆ ಉಣಕಲ್ ಕೆರೆ. ಜೊತೆಗೆ ನಾನು ಕೊಟ್ಟಿದ್ದ ಮೀಟರಿನ ಫೋಟೋ, 12.9.

ಬೆಂಗಳೂರು ಭಾವ: 12.9 ಎಂದರೆ ಪೂರ್ತಿ ತುಂಬಿದೆ ಅಂತಲಾ?

ನಾನು: ಈಗಷ್ಟೇ ಇಂಜಿನ್ ಆರಿಸಿದ್ದಾರೆ, ಅದಕ್ಕೇ ಜಾಸ್ತಿ ತೋರಿಸುತ್ತದೆ. ರಾತ್ರಿ ಕಳೆಯಲಿ. ಅತ್ತಿ ಬೆಳಗ್ಗೆ ನೋಡಿ ಹೇಳುತ್ತಾರೆ, ಅದು ಸರಿಯಾದ ಲೆಕ್ಕ.

ಮರುದಿನ ಬೆಳಗ್ಗೆ 6:10ಕ್ಕೆ, ದೊಡ್ಡಪ್ಪನ ಗುಡ್ ಮಾರ್ನಿಂಗ್ ಹೂವಿಗಿಂತ ಮೊದಲೇ, ಧಾರವಾಡ ಅತ್ತಿ ಬರೆದಿದ್ದರು: 12.6. ಬಾಗಿಲು ತೆಗೆದೇ ನೋಡಿದೆ